ನಾಲ್ಕು ಬದಿಗೆ ನಾಲ್ಕು ಜನ

ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಕೌದಿಗೆ ಎಷ್ಟು ಟಾಕಿ ಬೇಕು? ಸಾಲಿನಿಂದ ಸಾಲಿಗೆ ಒಂದು ಬೆರಳಗಲ, ಅಂದರೆ ಸುಮಾರು ಎರಡು ಸೆಂಟಿಮೀಟರ್ ಬಿಟ್ಟು ಹೊಲಿದರೂ ಸೂಜಿ ಒಟ್ಟು 150 ಮೀಟರ್ ದಾರಿ ಸಾಗಬೇಕು. ಮೇಲೊಂದು, ಕೆಳಗೊಂದು ಸೆಂಟಿಮೀಟರ್ ಸೇರಿ ಒಂದು ಟಾಕಿ ಎಂದು ಹಿಡಿದರೆ 7,500 ಟಾಕಿ ಆಗುತ್ತದೆ. ಐದಾರು ಪದರ ಅರಿವೆ ದಾಟಿ ದಾರ ಎಳೆಯುವಾಗ ನಿಮಿಷಕ್ಕೆ ಹತ್ತು ಟಾಕಿ ಬಿದ್ದರೆ ಅದು ಪಳಗಿದ ಕೈ. ಅಂಥ ಕೈಗೂ ಬರೀ ಹೊಲಿಗೆಗೇ ಹನ್ನೆರಡೂವರೆ ತಾಸು ಬೇಕು. ಅರಿವೆ ಒಗೆಯುವುದು, ಹರಿಯುವುದು, ಜೋಡಿಸುವುದು, ಹಾಸುವುದು ಬೇರೆ. ಅದೇ ಕೌದಿಯ ಸುತ್ತ ನಾಲ್ಕು ಜನ ಕೂತರೆ ಮಧ್ಯಾಹ್ನದ ಊಟ ಮುಗಿಸಿ ಶುರು ಮಾಡಿದ ಹೊಲಿಗೆ ಹೊತ್ತು ಮುಳುಗುವುದರೊಳಗೆ ಮುಗಿಯುತ್ತದೆ.

ಕರಜಗಿ, ನಾಗಣಸೂರ, ತಡವಳ, ಮೈಂದರಗಿ, ದುಧನಿ ಹೀಗೆ ಅಕ್ಕಲಕೋಟ ತಾಲೂಕಿನ ಯಾವ ಊರಿಗೆ ಹೋದರೂ ಹಳೆಯ ಮನೆಗಳಲ್ಲಿ ಅಡ್ಡಗೋಲಿನ ಮೇಲೆ ಮಡಚಿಟ್ಟ ಕೌದಿ ಸಿಗುತ್ತದೆ. ಸೊಲ್ಲಾಪುರದ ಪೇಟೆಯಲ್ಲಿ ಅಗ್ಗದ ಬ್ಲ್ಯಾಂಕೆಟ್ಟು ಬೇಕಾದಷ್ಟು ಇರುವಾಗ ಹೊಸದಾಗಿ ಹೊಲಿಯುವವರು ಕಡಿಮೆಯಾಗಿದ್ದಾರೆ. ಕೌದಿ ಉಳಿಯಬೇಕು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಾತು ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು. ಕೌದಿಗಿಂತ ಮೊದಲು ಕೌದಿಯ ಸುತ್ತ ಕೂಡುವ ಗುಂಪು ಉಳಿಯಬೇಕು. ಗುಂಪು ಇದ್ದರೆ ಕೌದಿ ತಾನಾಗಿ ಬರುತ್ತದೆ. ಗುಂಪು ಇಲ್ಲದ ಕೌದಿ ಅಂಗಡಿಯ ಸರಕಾಗಿ ಬಾಳಬಹುದು, ಊರಿನ ಕಸುಬಾಗಿ ಬಾಳಲಾರದು.

ಉಣ್ಣೆಯ ನಾಡಲ್ಲ, ಹತ್ತಿಯ ನಾಡು

ಚಳಿನಾಡಿನ ಹೆಣ್ಣುಮಕ್ಕಳು ಎರಡು ಕಡ್ಡಿ, ಒಂದು ಉಣ್ಣೆಯ ಉಂಡೆ ಹಿಡಿದು ವಾರಕ್ಕೊಮ್ಮೆ ಒಂದೆಡೆ ಸೇರಿ ಸ್ವೆಟರು, ಕಾಲುಚೀಲ, ಶಾಲು ಹೆಣೆಯುತ್ತಾರೆ. ನಮ್ಮ ಸೀಮೆಯಲ್ಲಿ ಅಂಥ ಹೆಣಿಗೆ ಬೇರು ಬಿಡದಿರಲು ಎರಡು ಕಾರಣಗಳಿವೆ. ಒಂದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರದ ಪಾರಾ 40 ಡಿಗ್ರಿ ದಾಟಿ ನಿಲ್ಲುತ್ತದೆ. ಚಳಿ ಎಂದರೆ ದೀಪಾವಳಿಯಿಂದ ಸಂಕ್ರಾಂತಿಯ ಆಚೀಚಿನ ರಾತ್ರಿಗಳು ಮಾತ್ರ. ಇನ್ನೊಂದು ನಮ್ಮ ಕುರಿಯೇ. ದಖ್ಖನಿ ಕುರಿಯ ಉಣ್ಣೆ ಒರಟು. ಮೈಗೆ ಅಂಟುವ ಸ್ವೆಟರಿಗೆ ಅದು ಒಗ್ಗುವುದಿಲ್ಲ, ಮಳೆ ಗಾಳಿ ತಡೆಯುವ ಕಂಬಳಿಗೆ ಒಗ್ಗುತ್ತದೆ. ಹಾಗಾಗಿ ಕುರುಬರು, ಧನಗರರು ಕುರಿ ಕಾಯುತ್ತಲೇ ಉಣ್ಣೆ ನೂತರು, ಕಂಬಳಿ ನೇಯ್ದರು. ಸಾಂಗೋಲೆಯ ಕಡೆಯ ಘೋಂಗಡಿ ಇಂದಿಗೂ ಹೆಸರುವಾಸಿ.

ಹೆಣಿಗೆಯ ಕಡ್ಡಿ, ಕ್ರೋಶಾ ಸೂಜಿ ನಮ್ಮ ಮನೆಗಳಿಗೆ ಬಂದದ್ದು ಹೆಣ್ಣುಮಕ್ಕಳ ಶಾಲೆಗಳ ಬೆನ್ನಿಗೆ. ಬಂದಮೇಲೆ ಅವೂ ತಮ್ಮ ಜಾಗ ಕಂಡುಕೊಂಡವು. ಹುಟ್ಟಿದ ಕೂಸಿಗೆ ಉಲನ್ ಕುಲಾಯಿ, ಪುಟ್ಟ ಕಾಲುಚೀಲ. ಬಾಗಿಲಿಗೆ ಕ್ರೋಶಾ ತೋರಣ. ತಟ್ಟೆ ಮುಚ್ಚುವ ರುಮಾಲು. ಇವನ್ನೆಲ್ಲ ಹಾಕುವ ಕೈಗಳು ಇಂದಿಗೂ ಊರೂರಲ್ಲಿವೆ. ಆದರೆ ನಾಲ್ಕು ಮನೆಯ ಹೆಂಗಸರನ್ನು ಒಂದು ನೆಲದ ಮೇಲೆ ಕೂಡಿಸಿದ ಹೊಲಿಗೆ ಕೌದಿಯದು. ಹೆಣಿಗೆ ಒಬ್ಬರ ಮಡಿಲಲ್ಲಿ ಹಿಡಿಸುತ್ತದೆ, ಕೌದಿ ಹಿಡಿಸುವುದಿಲ್ಲ. ಅದಕ್ಕೆ ಪಡಸಾಲೆಯ ಅಗಲ ಬೇಕು.

ಹತ್ತಿ ಮಾತ್ರ ಈ ನಾಡಿಗೆ ಹತ್ತಿರದ್ದು. ಸೊಲ್ಲಾಪುರದಲ್ಲಿ ಜುನಿ ಮಿಲ್ ಎಂದು ಹೆಸರಾದ ಗಿರಣಿ 1877ರಲ್ಲಿ ಶುರುವಾಯಿತು. ತೆಲಂಗಾಣದ ಕಡೆಯಿಂದ ಬಂದ ಪದ್ಮಶಾಲಿ ನೇಕಾರರು ಊರ ತುಂಬ ಮಗ್ಗ ಹೂಡಿದರು. ಅವರ ಕೈಯಲ್ಲಿ ಬೆಳೆದ ಸೊಲ್ಲಾಪುರಿ ಚಾದರಕ್ಕೆ ಇಂದು ಜಿಐ ಮಾನ್ಯತೆಯಿದೆ. ಹೀಗೆ ಸುತ್ತಲೂ ಅರಿವೆ ತಯಾರಾಗುತ್ತಿದ್ದರೂ ಹಳ್ಳಿಯ ಮನೆಯಲ್ಲಿ ಅರಿವೆ ಎಂದೂ ಅಗ್ಗವಾಗಿರಲಿಲ್ಲ. ಮಳೆ ಕಡಿಮೆ, ಬರ ಹೆಚ್ಚು, ಜೋಳದ ರಾಶಿಯ ಮೇಲೆ ವರುಷದ ಬಾಳು. ವರುಷಕ್ಕೊಂದು ಎರಡು ಸೀರೆ ಕಂಡ ಮನೆಯಲ್ಲಿ ಹರಿದ ಸೀರೆಯನ್ನು ಎಸೆಯುವ ಮಾತೇ ಇರಲಿಲ್ಲ. ಸೀರೆ ಹರಿದಮೇಲೆ ಕೂಸಿನ ದುಪಟಿ, ಅದೂ ಹರಿದಮೇಲೆ ಕೌದಿಯ ತುಂಡು, ಕೌದಿ ಸವೆದರೆ ಅದೇ ಮುಂದಿನ ಕೌದಿಯ ಒಳಪದರ. ಹೀಗೆ ಮೂರು ತಲೆಮಾರಿನ ಅರಿವೆ ಒಂದರೊಳಗೊಂದು ಸೇರಿದ ಕೌದಿಗಳಿವೆ.

ಕೌದಿಯ ಕಟ್ಟು

ಕೌದಿಯನ್ನು ನೋಡಿದವರು ಮೇಲಿನ ಬಣ್ಣದ ತುಂಡುಗಳನ್ನೇ ಕೌದಿ ಎಂದು ತಿಳಿಯುತ್ತಾರೆ. ಅದರ ಕಟ್ಟು ಇರುವುದು ಒಳಗೆ.

ಒಂಬತ್ತು ಗಜದ ಹತ್ತಿಯ ಸೀರೆ ಉದ್ದದಲ್ಲಿ ಸುಮಾರು ಎಂಟು ಮೀಟರ್, ಅಗಲದಲ್ಲಿ ಒಂದು ಮೀಟರಿಗೆ ತುಸು ಹೆಚ್ಚು. ಅದನ್ನು ನಾಲ್ಕಾಗಿ ಹರಿದು ಎರಡೆರಡನ್ನು ಬದಿಗೆ ಬದಿ ಹಚ್ಚಿದರೆ ಎರಡು ಮೀಟರ್ ಚೌಕದ ಎರಡು ಹಾಳೆ ಆಗುತ್ತವೆ. ಒಂದು ಕೆಳಗೆ, ಒಂದು ಮೇಲೆ. ಅಂದರೆ ಒಂದೇ ಇಳಕಲ್ ಸೀರೆ ಒಂದು ದೊಡ್ಡ ಕೌದಿಯ ಎರಡೂ ಮೈ ಆಗಬಲ್ಲದು. ನಡುವೆ ಹಳೆಯ ಧೋತರ, ಪಟಗಾ, ಮೆತ್ತಗಾದ ಸೀರೆ ಮೂರು ನಾಲ್ಕು ಪದರ ಹಾಸುತ್ತಾರೆ. ಮೇಲಿನ ಮೈಯನ್ನು ಇಡೀ ಸೀರೆಯ ಬದಲು ತುಂಡುಗಳಿಂದ ಕಟ್ಟಬೇಕೆಂದರೆ ಕುಬಸದ ಖಣ, ಮಕ್ಕಳ ಅಂಗಿ, ಸೀರೆಯ ಅಂಚು ಎಲ್ಲಕ್ಕೂ ಜಾಗ ಸಿಗುತ್ತದೆ. ಕೆಂಪು ಸೆರಗಿನ ಪಟ್ಟಿ ನಡುವೆ ಬರಬೇಕೋ ಸುತ್ತ ಬರಬೇಕೋ ಎಂಬ ಚರ್ಚೆಗೆ ಅರ್ಧ ತಾಸು ಹೋಗುವುದುಂಟು. ಆ ಚರ್ಚೆಯೇ ಈ ಕೆಲಸದ ಮೊದಲ ಸುಖ.

ಹಳೆಯ ಅರಿವೆಯೇ ಏಕೆ? ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೂಲು ಬಿಗಿ ಇರುತ್ತದೆ, ಸೂಜಿ ಸುಲಭಕ್ಕೆ ಇಳಿಯುವುದಿಲ್ಲ. ನೂರಾರು ಸಲ ಒಗೆದ ಹತ್ತಿ ಮೆತ್ತಗಾಗಿ, ಕುಗ್ಗುವಷ್ಟು ಕುಗ್ಗಿ, ಬಿಡುವ ಬಣ್ಣವೆಲ್ಲ ಬಿಟ್ಟು ಕೌದಿಗೆ ಸಿದ್ಧವಾಗಿರುತ್ತದೆ. ಅದು ಬೆವರು ಹೀರುತ್ತದೆ. ಪದರಗಳ ನಡುವೆ ನಿಂತ ಗಾಳಿ ಚಳಿಗಾಲದಲ್ಲಿ ಮೈಯ ಕಾವನ್ನು ಹೊರಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಅದೇ ಕೌದಿ ಹಾಸಿಗೆಯಾದರೆ ನೆಲದ ಬಿಸಿ ಮೇಲೆ ಬರುವುದಿಲ್ಲ. ಹೊದೆಯಲು ಹಾಸಲು ಎರಡಕ್ಕೂ ಒಂದೇ ವಸ್ತು ಸಾಕಾಗುವುದು ಇದರಿಂದಲೇ.

ಹೊಲಿಗೆ ಮಾತ್ರ ತೀರ ಸಾದಾ. ಸೂಜಿ ಕೆಳಗಿಳಿದು ಮೇಲೆ ಬರುತ್ತ ಒಂದೇ ಗೆರೆಯಲ್ಲಿ ಓಡುತ್ತದೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆ ಕಲಿಯಬೇಕು, ಎಳೆ ಎಣಿಸಬೇಕು. ಕೌದಿಗೆ ಒಂದೇ ಬಗೆ, ಎಣಿಕೆ ಇಲ್ಲ. ಏಳು ವರುಷದ ಹುಡುಗಿಯೂ ಎಪ್ಪತ್ತು ದಾಟಿದ ಆಯಿಯೂ ಒಂದೇ ಕೌದಿಗೆ ಕೈ ಹಾಕಬಹುದು. ಹುಡುಗಿಯ ಟಾಕಿ ಉದ್ದ, ಸೊಟ್ಟ. ಆಯಿಯದು ಸಣ್ಣ, ನೇರ. ಎರಡೂ ಅರಿವೆಯನ್ನು ಹಿಡಿದು ನಿಲ್ಲಿಸುತ್ತವೆ. ಟಾಕಿಗಳು ಒತ್ತಾಗಿರುವುದರಿಂದ ಒಂದು ಕಡೆ ಹರಿದರೂ ಪಕ್ಕದ ಸಾಲು ಅದನ್ನು ಮುಂದೆ ಹರಿಯಗೊಡುವುದಿಲ್ಲ.

ಇನ್ನು ಗುಂಪು ಏಕೆ ಬೇಕು ಎನ್ನುವುದು. ಪದರಗಳನ್ನು ಒಂದರ ಮೇಲೊಂದು ಹಾಸಿ, ಮೂಲೆಗೆ ಕಲ್ಲು ಹೇರಿ, ಅಲ್ಲಲ್ಲಿ ಕಚ್ಚಾ ಟಾಕಿ ಹಾಕಿ ನಿಲ್ಲಿಸಿದರೂ ಅವು ಜಾರುತ್ತವೆ. ಒಬ್ಬಳೇ ಒಂದು ಬದಿಯಿಂದ ಹೊಲಿಯುತ್ತ ಹೋದರೆ ಅರಿವೆ ಆ ಬದಿಗೆ ಎಳೆದುಕೊಂಡು ಎದುರಿನ ಬದಿಯಲ್ಲಿ ನೆರಿಗೆ ಬೀಳುತ್ತದೆ. ನಾಲ್ಕು ಜನ ನಾಲ್ಕು ಬದಿಗೆ ಕೂತು ಅಂಚಿನಿಂದ ಒಳಗೆ ಹೊಲಿಯುತ್ತ ಬಂದರೆ ಎಳೆತ ನಾಲ್ಕೂ ಕಡೆ ಸಮನಾಗುತ್ತದೆ. ಒಬ್ಬರ ಕೈ ಬಿಗಿಯಾದರೆ ಎದುರಿನವರಿಗೆ ತಕ್ಷಣ ಗೊತ್ತಾಗುತ್ತದೆ: "ಸಡ್ಲ ಬಿಡ್ರಿ ವೈನಿ, ನನ್ನ ಕಡೀ ಜಗ್ಗಾಕತ್ತೈತಿ." ಕೂಡಿ ಕೂಡುವುದು ಇಲ್ಲಿ ಬೇಸರ ಕಳೆಯುವ ಉಪಾಯ ಮಾತ್ರವಲ್ಲ, ಕೌದಿಯ ಕಸುಬಿನದೇ ಒಂದು ಭಾಗ. ಹತ್ತಿಯಷ್ಟೇ, ಸೂಜಿಯಷ್ಟೇ ಅದೂ ಅಗತ್ಯ.

ಈ ಕೆಲಸಕ್ಕೆ ಕಾಲವೂ ಗೊತ್ತಾಗಿತ್ತು. ಬಿಳಿಜೋಳದ ರಾಶಿ ಮುಗಿದಮೇಲೆ ಹೊಲದ ಕೆಲಸ ಇಳಿಯುತ್ತದೆ. ಮಿರಗದ ಮಳೆಗೆ ಇನ್ನೂ ಎರಡು ಮೂರು ತಿಂಗಳು ಇರುತ್ತದೆ. ಆ ಬಿಸಿಲ ದಿನಗಳಲ್ಲಿ ಅರಿವೆ ಬೇಗ ಒಣಗುತ್ತದೆ, ಹಗಲು ಉದ್ದ ಇರುತ್ತದೆ, ತವರಿಗೆ ಬಂದ ಮಗಳು ಬಿಡುವಾಗಿರುತ್ತಾಳೆ. ಬಸುರಿ ಇದ್ದ ಮನೆಯಲ್ಲಿ ಮೊದಲು ತೊಟ್ಟಿಲ ಕೌದಿ, ಲಗ್ನ ಇದ್ದ ಮನೆಯಲ್ಲಿ ಮೊದಲು ದೊಡ್ಡ ಕೌದಿ. ಇಂದು ನಿನ್ನ ಮನೆಯದು, ನಾಳೆ ನನ್ನ ಮನೆಯದು ಎಂಬ ಮುಯ್ಯಿ ಒಕ್ಕಲುತನದಲ್ಲಿ ಇದ್ದಂತೆ ಹೊಲಿಗೆಯಲ್ಲೂ ನಡೆಯಿತು. ಕೂಡುವ ಮಂದಿ ಇಲ್ಲದ ಮನೆಯವರು ಊರೂರು ತಿರುಗುವ ಅಲೆಮಾರಿ ಸಮುದಾಯದ ಹೆಣ್ಣುಮಕ್ಕಳನ್ನು ಕರೆಸಿ ಬಾಗಿಲ ಮುಂದೆ ಕೂಡ್ರಿಸಿ ಹೊಲಿಸುತ್ತಿದ್ದರು. ಅವರ ಕೈಯ ವೇಗ, ಸಾಲಿನ ಓರಣ ನೋಡಲು ಓಣಿಯ ಹುಡುಗಿಯರು ಸುತ್ತ ನಿಲ್ಲುತ್ತಿದ್ದರು. ಎಷ್ಟೋ ಮಂದಿ ಹೊಲಿಗೆ ಕಲಿತದ್ದು ಹಾಗೆ ನಿಂತೇ. ಮರಾಠಿ ಮನೆಯ ಗೋಧಡಿ, ವಾಕಳ ಹುಟ್ಟಿದ್ದೂ ಇದೇ ಬಿಸಿಲಲ್ಲಿ, ಇದೇ ಕೈಗಳಲ್ಲಿ.

ಕೂಡಿ ಮಾಡಿದ್ದು ಮೂಡಿಸಿದ್ದು

ಕೂಡಿ ದುಡಿಯುವ ಜಾಗದಲ್ಲಿ ಕೆಲಸದ ಜೊತೆಗೆ ಬೇರೆಯದೂ ಹುಟ್ಟುತ್ತದೆ. ಭೀಮೆಯ ಆಚೆ ದಂಡೆಯ ವಿಜಯಪುರ ಜಿಲ್ಲೆಯಲ್ಲಿರುವ ಹಲಸಂಗಿಯನ್ನು ನೆನೆಯಿರಿ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಕನ್ನಡ ಜಾನಪದದ ಮೊದಲ ದೊಡ್ಡ ಸಂಗ್ರಹಗಳಲ್ಲಿ ಅದೊಂದು. ಆ ಹಾಡುಗಳು ಹುಟ್ಟಿದ್ದು ಕೈ ಒಂದೇ ಲಯದಲ್ಲಿ ತಿರುಗುತ್ತಿದ್ದ ಹೊತ್ತಿನಲ್ಲಿ, ಎದುರಿಗೆ ಕೇಳುವ ಇನ್ನೊಂದು ಜೀವ ಇದ್ದ ಜಾಗದಲ್ಲಿ. ಹಿಟ್ಟಿನ ಗಿರಣಿ ಬಂತು, ತೋಳಿನ ನೋವು ಹೋಯಿತು. ಅದು ಒಳ್ಳೆಯದೇ ಆಯಿತು. ಆದರೆ ಎದುರುಬದುರು ಕೂಡುವ ಆ ಹೊತ್ತಿಗೆ ಬದಲಿಯಾಗಿ ಏನನ್ನೂ ನಾವು ಕೊಡಲಿಲ್ಲ. ಕೌದಿಯ ಸುತ್ತ ಕೂಡುವುದು ನಿಂತಮೇಲೆ ಉಳಿದ ಒಂದು ಹೊತ್ತೂ ಹೋಯಿತು.

ಈ ಹೊತ್ತಿನ ಬೆಲೆಯನ್ನು ಹೊರಗಿನವರು ಅಳೆದು ನೋಡಿದ್ದಾರೆ. ಬ್ರಿಟನ್ನಿನ ಔದ್ಯೋಗಿಕ ಚಿಕಿತ್ಸೆಯ ಪತ್ರಿಕೆಯೊಂದರಲ್ಲಿ 2013ರಲ್ಲಿ ಜಿಲ್ ರೈಲಿ, ಬೆಟ್ಸನ್ ಕಾರ್ಕ್‌ಹಿಲ್, ಕ್ಲೇರ್ ಮಾರಿಸ್ ಎಂಬ ಮೂವರು ಒಂದು ಸಮೀಕ್ಷೆ ಪ್ರಕಟಿಸಿದರು. ಹಲವು ದೇಶಗಳ 3,545 ಮಂದಿ ಹೆಣಿಗೆಯವರು ಅದರಲ್ಲಿ ಉತ್ತರ ಕೊಟ್ಟಿದ್ದರು. ಹೆಚ್ಚು ಸಲ ಹೆಣೆಯುವವರು ಮನಸ್ಸು ಹೆಚ್ಚು ನಿರಾಳ, ಹೆಚ್ಚು ಸಂತೋಷ ಎಂದರು. ಗುಂಪಿನಲ್ಲಿ ಹೆಣೆಯುವವರು ಅದರ ಮೇಲೆ ಇನ್ನೊಂದು ಮಾತು ಸೇರಿಸಿದರು: ಮಂದಿಯ ಒಡನಾಟ, ಮಾತುಕತೆ ಹೆಚ್ಚಿತು ಎಂದು. ಇದು ಅವರವರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು. ಇದನ್ನು ಔಷಧದ ಪರೀಕ್ಷೆಯಂತೆ ಓದಬಾರದು. ಆದರೂ ಸಾವಿರಾರು ಜನ ಒಂದೇ ದಿಕ್ಕಿಗೆ ಬೆರಳು ತೋರಿಸಿದಾಗ ಅತ್ತ ನೋಡುವುದು ವಿವೇಕ. ಕೈಗೆ ಒಂದೇ ಲಯದ ಕೆಲಸ, ಕಣ್ಣು ಅರಿವೆಯ ಮೇಲೆ, ಬಾಯಿಗೆ ಬಿಡುವು. ಎದುರಿನವರ ಮುಖ ನೋಡಿಕೊಂಡು ಹೇಳಲಾಗದ ಮಾತು ಸೂಜಿ ನೋಡಿಕೊಂಡು ಹೇಳಲು ಬರುತ್ತದೆ. ಸೊಸೆಯ ಸಂಕಟ, ಸಾಲದ ಚಿಂತೆ, ಮುಟ್ಟಿನ ನೋವು, ಮಗ ಪುಣೆಯಿಂದ ಫೋನು ಮಾಡದ ವಾರ ಎಲ್ಲವೂ ಕೌದಿಯ ಸುತ್ತ ಹೊರಗೆ ಬರುತ್ತಿದ್ದವು. ಇವಕ್ಕೆಲ್ಲ ಬೇರೆ ವೇದಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇಲ್ಲ.

ಕರ್ನಾಟಕದಲ್ಲೇ ಇನ್ನೊಂದು ಉದಾಹರಣೆ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ನಮ್ಮ ಕೌದಿಯ ತಂಗಿ. ಆಫ್ರಿಕಾ ಮೂಲದ ಈ ಸಮುದಾಯದವರು ಮೂಲೆಯಿಂದ ಹೊಲಿಯಲು ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಅರಿವೆ ಮಡಚಿ ಮಾಡಿದ ಹೂ ಇಟ್ಟರೇ ಕವಂದಿ ಪೂರ್ತಿಯಾಯಿತು ಎನ್ನುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವುಗಳ ಬಗ್ಗೆ ವರುಷಗಟ್ಟಲೆ ಅಧ್ಯಯನ ಮಾಡಿ ಹೊರಜಗತ್ತಿಗೆ ತೋರಿಸಿದರು. ಇತ್ತ ಸಂಡೂರಿನ ಕುಶಲ ಕಲಾ ಕೇಂದ್ರ ಲಂಬಾಣಿ ಕಸೂತಿಗೆ ಮನೆಯಾಯಿತು. ಸಂಡೂರು ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಬಂತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆ ಆಯಿತು.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಹತ್ತಿಯ ತೋಟದಲ್ಲಿ ಗುಲಾಮರಾಗಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಇರುವ ಬಡ ಊರು. ಅಲ್ಲಿನ ಹೆಣ್ಣುಮಕ್ಕಳು ಹಳೆಯ ಕೆಲಸದ ಅಂಗಿ, ಚಲ್ಲಣ ಹರಿದು ಹೊದಿಕೆ ಹೊಲಿಯುತ್ತಿದ್ದರು. ಕಪ್ಪು ಜನರ ಮತದಾನದ ಹೋರಾಟದ ಬೆನ್ನಿಗೇ, 1966ರಲ್ಲಿ, ಆ ಸೀಮೆಯ ಹೆಂಗಸರು ಕೂಡಿ 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಹೊಲಿಗೆಯ ಸಹಕಾರ ಸಂಘ ಕಟ್ಟಿದರು. 2002ರಲ್ಲಿ ಅವರ ಹೊದಿಕೆಗಳು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯಾದವು. ಕರಜಗಿಯ ಕೌದಿಯ ಪಕ್ಕ ಅವನ್ನು ಇಟ್ಟರೆ ಒಂದೇ ಮನೆಯವು ಎನ್ನಬೇಕು. ಅಲ್ಲೂ ಬಡತನ, ಅಲ್ಲೂ ಹತ್ತಿ, ಅಲ್ಲೂ ನೆಲದ ಮೇಲಿನ ಸಾಲು. ಅವರಿಗೆ ಹೆಸರು ಬಂದದ್ದು ಕೊನೆಗೆ. ಅದಕ್ಕೆ ಎಷ್ಟೋ ಮೊದಲಿನಿಂದ ಅವರು ಸುಮ್ಮನೆ ಕೂಡಿ ಹೊಲಿಯುತ್ತಲೇ ಇದ್ದರು.

ಗಳಿಕೆಯ ಪ್ರಶ್ನೆ ಆಮೇಲೆ

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಡೆ ನಾಲ್ಕು ಹೆಂಗಸರು ಕೂಡುತ್ತಾರೆ ಎಂದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ "ಇದರಾಗ ಏನ್ ಉಳೀತದ?" ಎಂದು. ಬಚತ್ ಗಟಗಳು, ಅಂದರೆ ಹೆಣ್ಣುಮಕ್ಕಳ ಉಳಿತಾಯದ ಗುಂಪುಗಳು, ಮಹಾರಾಷ್ಟ್ರದ ಹಳ್ಳಿಗಳಲ್ಲಿ ದೊಡ್ಡ ಕೆಲಸ ಮಾಡಿವೆ. 1975ರಲ್ಲಿ ಹುಟ್ಟಿದ ಮಹಿಳಾ ಆರ್ಥಿಕ ವಿಕಾಸ ಮಹಾಮಂಡಳ, ಆಮೇಲೆ ಬಂದ ಉಮೇದ್ ಅಭಿಯಾನ ಎರಡೂ ಹೆಣ್ಣುಮಕ್ಕಳ ಕೈಗೆ ಪಾಸ್‌ಬುಕ್ಕು ಕೊಟ್ಟವು, ಬ್ಯಾಂಕಿನ ಬಾಗಿಲು ತೆರೆದವು. ಆದರೆ ಗಟದ ಸಭೆ ಹಪ್ಪಳ, ಶೇಂಗಾ ಚಟ್ನಿ, ಕಂತು, ಬಡ್ಡಿ ಇಷ್ಟರಲ್ಲೇ ಮುಗಿಯುತ್ತದೆ. ದುಡಿಮೆಯ ಹೊರತು ಕೂಡಲು ಕಾರಣವೇ ಇಲ್ಲ ಎಂಬ ಭಾವನೆ ಬಲವಾಗಿದೆ. ಗಂಡಸರು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂಡಲು ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಹೆಂಗಸರೂ ಕೊಡಬೇಕಿಲ್ಲ.

ಮಾರಾಟವನ್ನೇ ಗುರಿಯಾಗಿಟ್ಟು ಶುರುವಾದ ಗುಂಪಿನಲ್ಲಿ ಮೊದಲ ದಿನದಿಂದ ಅಳತೆಗೋಲು ಬರುತ್ತದೆ. ಟಾಕಿ ಸೊಟ್ಟಾದ ಹುಡುಗಿಯನ್ನು, ಕಣ್ಣು ಮಂಜಾದ ಆಯಿಯನ್ನು ಬದಿಗೆ ಸರಿಸಬೇಕಾಗುತ್ತದೆ. ಬಣ್ಣ ಕೊಳ್ಳುವವರ ಇಷ್ಟಕ್ಕೆ ಹೋಗುತ್ತದೆ. ಖುಷಿಗಾಗಿ ಶುರುವಾದ ಗುಂಪಿನಲ್ಲಿ ಇಬ್ಬರಿಗೂ ಜಾಗವಿದೆ. ಅಂಥ ಗುಂಪು ಒಂದೆರಡು ವರುಷ ಗಟ್ಟಿಯಾಗಿ ನಿಂತಮೇಲೆ, ಕೈ ಪಳಗಿದಮೇಲೆ, ಬೇಕಿದ್ದವರು ಮಾರಲಿ. ಅಕ್ಕಲಕೋಟಕ್ಕೆ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರೇ ದೊಡ್ಡ ಗಿರಾಕಿಗಳಾಗಬಹುದು. ಆಗ ಬೆಲೆ ಕಟ್ಟುವಾಗ ಹನ್ನೆರಡೂವರೆ ತಾಸಿನ ಲೆಕ್ಕ ಮರೆಯಬಾರದು. ತಾಸಿಗೆ ಇಷ್ಟು ಎಂದು ಹೊಲದ ಕೂಲಿಗಿಂತ ಕಡಿಮೆ ಇಲ್ಲದ ದರ ಹಿಡಿದು, ಹಾಸುವ ಜೋಡಿಸುವ ಹೊತ್ತನ್ನೂ ಸೇರಿಸಿ ಹೇಳಬೇಕು. ಚೌಕಾಸಿಗೆ ಬಗ್ಗಿ ಮಾರುವುದಕ್ಕಿಂತ ಮೊಮ್ಮಗಳಿಗೆ ಹೊದಿಸುವುದು ಮೇಲು.

ಗುಂಪು ಕಟ್ಟುವ ಬಗೆ

ಕರಜಗಿಯಂಥ ಊರಿನಲ್ಲಿ ಇದಕ್ಕೆ ಹೊಸ ಕಟ್ಟಡ, ಅನುದಾನ, ಉದ್ಘಾಟನೆ ಯಾವುದೂ ಬೇಕಿಲ್ಲ. ನೆರಳಿರುವ, ನೆಲ ಚೊಕ್ಕಟವಾಗಿರುವ, ಎಲ್ಲರೂ ಬರಬಹುದಾದ ಒಂದು ಜಾಗ ಬೇಕು. ಸಮಾಜ ಮಂದಿರ ಆಗಬಹುದು, ರವಿವಾರದ ಶಾಲೆಯ ಪಡಸಾಲೆ ಆಗಬಹುದು. ವಾರಕ್ಕೆ ಒಂದು ದಿನ, ಮಧ್ಯಾಹ್ನ ಎರಡರಿಂದ ನಾಲ್ಕೂವರೆ. ಎಮ್ಮೆ ಹಿಂಡುವ ಹೊತ್ತಿಗೆ ಎಲ್ಲರೂ ಮನೆ ಸೇರಬೇಕು ಎಂಬುದನ್ನು ಮರೆತರೆ ಗುಂಪು ಎರಡನೆಯ ವಾರ ನಿಲ್ಲುತ್ತದೆ.

'ಎಲ್ಲರೂ ಬರಬಹುದಾದ' ಎಂಬ ಮಾತನ್ನು ಗಟ್ಟಿಯಾಗಿ ಹಿಡಿಯಬೇಕು. ಹಿಂದಿನ ಕೌದಿಯ ಗುಂಪು ಹೆಚ್ಚಾಗಿ ಒಂದು ಓಣಿಯದು, ಒಂದು ಜಾತಿಯದು. ಆ ಗೆರೆಯನ್ನು ಹಾಗೇ ಮುಂದುವರಿಸುವುದು ನಮಗೆ ಬೇಡ. ಸೊಲ್ಲಾಪುರ ಸಿದ್ಧರಾಮನ ಊರು. ಹನ್ನೆರಡನೆಯ ಶತಮಾನದಲ್ಲಿ ಮಂದಿಯನ್ನು ಕೂಡಿಸಿ ಕೆರೆ ಕಟ್ಟಿಸಿದವನು ಆ ಶರಣ. ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆಗೂ ಜಾಗವಿತ್ತು. ದಲಿತ ಕೇರಿಯ, ಮುಸ್ಲಿಮರ ಓಣಿಯ, ತಾಂಡಾದ ಹೆಣ್ಣುಮಕ್ಕಳು ಒಂದೇ ಕೌದಿಯ ನಾಲ್ಕು ಬದಿಗೆ ಕೂಡದಿದ್ದರೆ ಆ ಪರಂಪರೆಯ ಹೆಸರು ಹೇಳುವ ಹಕ್ಕು ನಮಗೆ ಕಡಿಮೆಯಾಗುತ್ತದೆ. ಕೂಡಿದರೆ ಕಲಿಕೆಯೂ ಹೆಚ್ಚುತ್ತದೆ. ಲಂಬಾಣಿ ಹೆಣ್ಣುಮಕ್ಕಳ ಕನ್ನಡಿ ಹೊಲಿಗೆ, ಕವಡೆ ಕೆಲಸ ಇನ್ನೊಬ್ಬರಿಗೆ ಬರುವುದಿಲ್ಲ. ಕ್ರೋಶಾ ಬಲ್ಲವರು ಬೇರೆ ಓಣಿಯಲ್ಲಿದ್ದಾರೆ. ಉಲನ್ ಕುಲಾಯಿ ಹಾಕುವವರು ಇನ್ನೊಂದು ಮನೆಯಲ್ಲಿದ್ದಾರೆ. ಗುಂಪಿಗೆ ಕೌದಿ ನಡುಗಂಬವಾಗಿರಲಿ, ಸುತ್ತ ಹೆಣಿಗೆ, ಕ್ರೋಶಾ, ಕಸೂತಿ ಯಾವುದಾದರೂ ನಡೆಯಲಿ. ಕೌದಿಯ ಬದಿ ಖಾಲಿ ಇಲ್ಲದ ದಿನ ಕಡ್ಡಿ ಹಿಡಿದು ಕೂಡಲೂ ಬರಬೇಕು.

ಹೊಸದಾಗಿ ಸೇರುವವರಿಗೆ ಮೊದಲ ಕೆಲಸ ತೊಟ್ಟಿಲ ಕೌದಿಯೇ ಇರಲಿ. ಮುಕ್ಕಾಲು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಮೂರು ಪದರ. ಮೊದಲಿನ ಲೆಕ್ಕದಲ್ಲಿ ಇದಕ್ಕೆ ಸಾವಿರ ಟಾಕಿಯೂ ಬೇಡ. ಸಣ್ಣದೊಂದು ಪೂರ್ತಿಯಾದ ಸಂತೋಷ ಕೈಗೆ ಸಿಕ್ಕರೆ ದೊಡ್ಡದಕ್ಕೆ ಧೈರ್ಯ ಬರುತ್ತದೆ. ಅರಿವೆ ಹತ್ತಿಯದೇ ಆಗಿರಬೇಕು. ಸಂಶಯವಿದ್ದರೆ ಅಂಚಿನಿಂದ ಒಂದು ಎಳೆ ತೆಗೆದು ಜೋಪಾನವಾಗಿ ಬೆಂಕಿ ತಾಗಿಸಿ ನೋಡಿ. ಕಾಗದದ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಮಣಿಯಂತೆ ಗಂಟಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಸೀರೆಯ ಕೌದಿ ಬೆವರು ಹೀರುವುದಿಲ್ಲ, ಪದರ ಜಾರುತ್ತದೆ. ಕೂಸಿಗಂತೂ ಬೇಡವೇ ಬೇಡ. ಬಣ್ಣ ಬಿಡುವ ಅರಿವೆಯನ್ನು ಬೇರೆ ನೀರಿನಲ್ಲಿ ನೆನೆಸಿ, ನೀರು ತಿಳಿಯಾಗುವ ತನಕ ಒಗೆದಮೇಲೆಯೇ ಜೋಡಿಸಿ. ದಾರವನ್ನು ಮೇಣದ ಬತ್ತಿಗೆ ಒಮ್ಮೆ ತಿಕ್ಕಿದರೆ ಸಿಕ್ಕಾಗದೆ ಜಾರುತ್ತದೆ. ತೋಳುದ್ದಕ್ಕಿಂತ ಉದ್ದದ ದಾರ ಪೋಣಿಸಬೇಡಿ. ಅರ್ಧ ತಾಸಿಗೊಮ್ಮೆ ಎದ್ದು ಬೆನ್ನು ನೆಟ್ಟಗೆ ಮಾಡಿ. ಸಂಜೆಯ ಮಬ್ಬಿನಲ್ಲಿ ಹೊಲಿಯಬೇಡಿ.

ಮನೆಯಲ್ಲಿ ಹತ್ತಿಯ ಸೀರೆಯೇ ಉಳಿದಿಲ್ಲ ಎನ್ನುವವರಿಗೂ ದಾರಿ ಇದೆ. ಸೊಲ್ಲಾಪುರ ಇಂದು ಸಮವಸ್ತ್ರ ಹೊಲಿಯುವ ಕಾರಖಾನೆಗಳ ಊರು. ಚಾದರ, ಟವೆಲಿನ ಮಗ್ಗಗಳೂ ಅಲ್ಲಿವೆ. ಅಂಥ ಕಡೆ ಉಳಿಯುವ ಚಿಂದಿಯಲ್ಲಿ ಹತ್ತಿಯದನ್ನು ಆರಿಸಿ ತಂದರೆ ಒಂದು ಗುಂಪಿಗೆ ವರುಷಕ್ಕೆ ಸಾಕು. ಹಳೆಯ ಸೊಲ್ಲಾಪುರಿ ಚಾದರ ಕೌದಿಯ ಒಳಪದರಕ್ಕೆ ಹೇಳಿ ಮಾಡಿಸಿದ್ದು.

ಗುಂಪಿನ ನೇಮ ಹೆಚ್ಚು ಬೇಡ, ಮೂರು ಸಾಕು. ಒಬ್ಬರ ಟಾಕಿಯನ್ನು ಇನ್ನೊಬ್ಬರು ಬಿಚ್ಚಬಾರದು. ಯಾರ ಮನೆಯ ಕೌದಿ ಮೊದಲು ಎಂಬುದನ್ನು ಭಿಶಿಯ ಚೀಟಿ ಎತ್ತಿದಂತೆ ಎತ್ತಿ ಗೊತ್ತು ಮಾಡಬೇಕು. ಕೌದಿಯ ಸುತ್ತ ಆಡಿದ ಮಾತು ಕೌದಿಯ ಸುತ್ತಲೇ ಉಳಿಯಬೇಕು. ಮೂರನೆಯದು ಮುರಿದರೆ ಮೊದಲ ಎರಡಕ್ಕೆ ಅರ್ಥವಿಲ್ಲ. ನಂಬಿಕೆ ಹೋದ ಜಾಗಕ್ಕೆ ಯಾರೂ ಸೂಜಿ ತರುವುದಿಲ್ಲ.

ಶಾಲೆಯೂ ಕೈಜೋಡಿಸಬಹುದು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಕಾರ್ಯಾನುಭವ ಎಂಬ ವಿಷಯವೇ ಇದೆ. ಥರ್ಮಾಕೋಲು, ಬಣ್ಣದ ಕಾಗದ ಕತ್ತರಿಸುವ ಒಂದು ತಾಸನ್ನು ಊರಿನ ಆಯಿಯ ಕೈಗೆ ಕೊಟ್ಟು ನೋಡಲಿ. ಗಂಡುಹುಡುಗರೂ ಕೂಡಲಿ; ಪೇಟೆಯ ಮಗ್ಗದಲ್ಲಿ ನೇಯ್ದವರು ಹೆಚ್ಚಾಗಿ ಗಂಡಸರೇ ಇದ್ದ ಜಿಲ್ಲೆಯಲ್ಲಿ ಸೂಜಿ ಹಿಡಿಯಲು ಹುಡುಗನೊಬ್ಬ ನಾಚಬೇಕಿಲ್ಲ. ಇಡೀ ತರಗತಿ ಕೂಡಿ ವರುಷಕ್ಕೆ ಒಂದು ಕೌದಿ ಹೊಲಿದು ಊರಿನ ಅಂಗನವಾಡಿಗೆ ಕೊಟ್ಟರೆ ಗಣಿತ, ಅಳತೆ, ಬಣ್ಣ, ಊರಿನ ಇತಿಹಾಸ ನಾಲ್ಕೂ ಒಂದೇ ನೆಲದ ಮೇಲೆ ಕಲಿತಂತಾಗುತ್ತದೆ.

ಒಂದು ತುರ್ತು ಮಾತ್ರ ಇದೆ. ಕೌದಿಯ ಪದರ ಹಾಸುವ ಹದ, ಎಳೆತ ನೋಡುವ ಕಣ್ಣು ಯಾವ ಪುಸ್ತಕದಲ್ಲೂ ಇಲ್ಲ. ಎದುರಿಗೆ ಕೂತು ನೋಡಿಯೇ ಕಲಿಯಬೇಕು. ಅದನ್ನು ಬಲ್ಲ ಕೈಗಳಿಗೆ ಈಗ ಎಪ್ಪತ್ತು, ಎಂಬತ್ತರ ಪ್ರಾಯ. ಅವರು ಇರುವಾಗಲೇ ಅವರ ಪಕ್ಕ ಕೂಡಬೇಕು. ಹಾಗಾಗಿ ಈ ಸಲ ಜೋಳದ ರಾಶಿ ಮುಗಿದ ವಾರವೇ ಶುರು ಮಾಡಿ. ಓಣಿಯ ಹಿರಿಯ ಹೊಲಿಗೆಯವರ ಮನೆಗೆ ಹೋಗಿ ಕರೆಯಿರಿ, ಒಗೆದ ಎರಡು ಸೀರೆ, ಎರಡು ಧೋತರ, ಒಂದು ದಾರದ ಉಂಡಿ, ನಾಲ್ಕು ಸೂಜಿ ತೆಗೆದುಕೊಂಡು ಹೋಗಿ. ಊರೆಲ್ಲ ಬರಲಿ ಎಂದು ಕಾಯಬೇಡಿ. ಮೊದಲ ದಿನ ನಾಲ್ಕು ಜನ ಬಂದರೆ ಕೌದಿಯ ಯಾವ ಬದಿಯೂ ಖಾಲಿ ಉಳಿಯುವುದಿಲ್ಲ. ಐದನೆಯವಳು ಬಂದ ದಿನ ಎರಡನೆಯ ಕೌದಿ ಹಾಸಿ.